ರೋಬೋಗೆ ಬೀಗ, ಹುಡುಗರಿಗೆ ಪಿಪಿಟಿ

ನಿನ್ನೆ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಯಾವ ಕಾಲೇಜು ಅಂತ ಕಾಮೆಂಟಲ್ಲಿ ಕೇಳಬೇಡಿ, ಹೇಳಲ್ಲ. ‘ಇಂಡಸ್ಟ್ರಿ ಎಕ್ಸ್‌ಪರ್ಟ್’ ಅಂತ ಕರೆದು, ಶಾಲು ಹೊದಿಸಿ, ಪೇಟ ಬೇಡ ಅಂದರೂ ತಲೆಗೆ ಇಟ್ಟು, ಆಮೇಲೆ ‘ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಲ್ಯಾಬ್’ ತೋರಿಸಿದರು. ಎಸಿ, ಹೊಳೆಯೋ ನೆಲ, ಗಾಜಿನ ಗೂಡಲ್ಲಿ ಆರು ಆಕ್ಸಿಸ್ (ಆರು ಕೀಲಿನ) ರೋಬೋ. ಅದು ಹಳದಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಡ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಪಕ್ಕದಲ್ಲಿ ನಿಂತಿದ್ದ ಏಳನೇ ಸೆಮ್ ಹುಡುಗನನ್ನ ‘ನೀನು ಇದನ್ನ ಓಡಿಸಿದೀಯೇನಪ್ಪಾ?’ ಅಂದೆ. ‘ಇಲ್ಲ ಸರ್, ಬೀಗ ಹಾಕಿರ್ತಾರೆ. ಕಾಲೇಜು ತಪಾಸಣೆ ಮಾಡೋ ನ್ಯಾಕ್‌ನವರು ಬಂದಾಗ ತೆಗೀತಾರೆ.’ ಹೆಚ್‌ಒಡಿ ಜೋರಾಗಿ ಕೆಮ್ಮಿದರು.

ಸರಿ, ಬೀಗದ ವಿಷಯ ಬಿಡೋಣ ಅಂತ ಹುಡುಗರ ಪ್ರಾಜೆಕ್ಟ್ ನೋಡೋಕೆ ಕೂತೆ. ಅಲ್ಲಿ ಇನ್ನೂ ಉರಿ ಹತ್ತಿತು. ಒಬ್ಬಳು ಬಹಳ ಚೆಂದದ ತ್ರೀಡಿ ಮಾಡೆಲ್ ಮಾಡಿದ್ದಳು, ಅಲ್ಯೂಮಿನಿಯಂ ಬ್ಲಾಕಿನಲ್ಲಿ ಆಳವಾದ ಒಂದು ಪಾಕೆಟ್, ಅಂದ್ರೆ ಗುಳಿ. ಒಳಗಿನ ನಾಲ್ಕೂ ಮೂಲೆ ಚಾಕುವಿನ ಹಾಗೆ ಚೂಪು. ‘ಇದನ್ನ ಹೇಗಮ್ಮ ಕೊರೀತೀಯ?’ ‘ವಿಎಂಸಿಯಲ್ಲಿ ಸರ್.’ ಅಂದ್ರೆ ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮೆಷೀನು. ಅದರಲ್ಲಿ ಕೊರೆಯೋ ಟೂಲು, ಎಂಡ್‌ಮಿಲ್, ದುಂಡಗಿರುತ್ತೆ ತಾಯಿ, ತಿರುಗುತ್ತಾ ಕೊರೆಯುತ್ತೆ, ಒಳಮೂಲೆಯಲ್ಲಿ ಅದರ ರೇಡಿಯಸ್ ಉಳಿದೇ ಉಳಿಯುತ್ತೆ. ಅಷ್ಟು ಚೂಪು ಬೇಕೇಬೇಕು ಅಂದ್ರೆ ಕರೆಂಟಿನ ಕಿಡಿಯಲ್ಲಿ ಲೋಹ ಕೊರೆಯೋ ಇಡಿಎಂಗೆ ಹಾಕಬೇಕು, ದುಡ್ಡು ಬೇರೆ, ಟೈಮು ಬೇರೆ. ಪಾಪ, ಮುಖ ಸಣ್ಣದಾಯಿತು. ತಪ್ಪು ಅವಳದ್ದಲ್ಲ. ನಾಲ್ಕು ವರ್ಷದಲ್ಲಿ ಒಂದು ಎಂಡ್‌ಮಿಲ್ಲನ್ನೂ ಅವಳ ಕೈಗೆ ಕೊಟ್ಟಿಲ್ಲ. ಇನ್ನೊಬ್ಬನ ಡ್ರಾಯಿಂಗಿನಲ್ಲಿ ಎಲ್ಲ ಅಳತೆಗೂ ಮೂರು ಸೊನ್ನೆ, 25.000. ಟಾಲರೆನ್ಸ್, ಅಂದ್ರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆದರೂ ನಡೆಯುತ್ತೆ ಅನ್ನೋದು, ಎಲ್ಲಿ ಅಂತ ಕೇಳಿದರೆ ‘ಸಾಫ್ಟ್‌ವೇರೇ ಹಾಗೆ ತೋರಿಸುತ್ತೆ ಸರ್.’ 25 ಎಂಎಂ ತೂತಿಗೆ ಹೆಚ್7 ಅನ್ನೋ ಟಾಲರೆನ್ಸ್ ಅಂದ್ರೆ ಸೊನ್ನೆಯಿಂದ 21 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಮೇಲಕ್ಕೆ ಅಂತ ಪರೀಕ್ಷೆಯಲ್ಲಿ ಬರೆದಿರ್ತಾನೆ. ಆ 21 ಮೈಕ್ರಾನ್ ಒಳಗೆ ನಿಲ್ಲಿಸೋಕೆ ನಮ್ಮ ಶೆಡ್ಡಿನ ಹುಡುಗರು ಏನೇನು ಪಾಡು ಪಡ್ತಾರೆ ಅನ್ನೋದು ಮಾತ್ರ ಗೊತ್ತಿಲ್ಲ.

ಪೀಣ್ಯದ ನಮ್ಮ ಮೆಷೀನ್ ಶೆಡ್ಡು ನೋಡಿದವರಿಗೆ ಗೊತ್ತು, ನಾನು ಹೊಸ ತಂತ್ರಜ್ಞಾನದ ವಿರೋಧಿ ಏನಲ್ಲ. ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮೆಷೀನಿನ ಪಕ್ಕದಲ್ಲೇ ಅಪ್ಪನ ಕಾಲದ ಹೆಚ್‌ಎಂಟಿ ಲೇತ್ ಇನ್ನೂ ಓಡ್ತಿದೆ. ರಾಣೆಬೆನ್ನೂರಿನ ನಮ್ಮ ಆಪರೇಟರ್ ಬೆನ್ನು ತಿರುಗಿಸಿ ಟೀ ಕುಡೀತಾ ಇದ್ದವನು ಸದ್ದು ಕೇಳಿಯೇ ‘ಸಾರ್, ಇನ್ಸರ್ಟ್ ಹೋತ್ರೀ’ ಅಂತಾನೆ. ಇನ್ಸರ್ಟ್ ಅಂದ್ರೆ ಟೂಲಿನಲ್ಲಿ ಲೋಹ ಕೊರೆಯೋ, ಬದಲಾಯಿಸೋ ತುದಿ. ಬಿಚ್ಚಿ ನೋಡಿದರೆ ಅಂಚಿನ ಮಗ್ಗುಲು ಸವೆದು ಬೆಳ್ಳಗೆ ಪಟ್ಟಿ ಬಂದಿರುತ್ತೆ. ಆ ಸವೆತ 0.3 ಎಂಎಂ ಆದರೆ ಇನ್ಸರ್ಟ್ ಮುಗೀತು ಅಂತ ಪುಸ್ತಕದಲ್ಲೂ ಇದೆ, ಟೂಲ್ ಎಷ್ಟು ಹೊತ್ತು ಬಾಳುತ್ತೆ ಅಂತ ಹೇಳೋ ಟೇಲರ್ ಸೂತ್ರ ಹುಡುಗರಿಗೆ ಬಾಯಿಪಾಠ. ಆದರೆ ಸವೆದ ಇನ್ಸರ್ಟ್ ಒಂದನ್ನ ಬೆರಳಲ್ಲಿ ಹಿಡಿದು ನೋಡಿದವರು ಆ ಕ್ಲಾಸಲ್ಲಿ ಎಷ್ಟು ಜನ?

ಸ್ಮಾರ್ಟ್ ಅಂದ್ರೆ ಇದೇ ಅಲ್ವಾ? ಆ ಆಪರೇಟರ್ ಕಿವಿಗೆ ಕೇಳಿಸಿದ್ದನ್ನ ಸೆನ್ಸರ್‌ಗೆ ಕೇಳಿಸೋದು. ಟೂಲ್ ಮೊಂಡಾದ ಹಾಗೆ ಸ್ಪಿಂಡಲ್ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಹೋದ ವರ್ಷ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ನಮ್ಮ ಹಳೇ ಲೇತಿನ ಮೋಟರ್ ವೈರಿಗೆ ಒಂದು ಕ್ಲ್ಯಾಂಪ್ ಸೆನ್ಸರ್ ಸಿಕ್ಕಿಸಿ, ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡಿಗೆ ಜೋಡಿಸಿ, ನನ್ನ ಮೊಬೈಲಿಗೆ ಗ್ರಾಫ್ ತಂದ. ಎಸ್‌ಪಿ ರೋಡಲ್ಲಿ ಸಿಗೋ ಸಾಮಾನು, ಎರಡು ಸಾವಿರ ದಾಟಲಿಲ್ಲ. ಗ್ರಾಫ್ ಏರಿದ್ದು ಟೂಲ್ ಸವೆದಿದ್ದಕ್ಕೋ, ಕಬ್ಬಿಣದಲ್ಲಿ ಗಟ್ಟಿ ಗಂಟು ಸಿಕ್ಕಿದ್ದಕ್ಕೋ ಅಂತ ಆಪರೇಟರ್ ಪಕ್ಕ ನಿಂತು ಜಗಳ ಆಡಿ ಆಡಿ ಕಲಿತ. ಎಐ ಮಾಡೆಲ್ಲಿಗೆ ‘ಲೇಬಲ್’ ಕೊಡೋದು, ಅಂದ್ರೆ ಯಾವುದು ಏನು ಅಂತ ಗುರುತು ಹಾಕಿ ಕಲಿಸೋದು ಅಂತಾರಲ್ಲ, ಅದು ಈ ಜಗಳವೇ. ಕಾಲೇಜಿನ ಗಾಜಿನ ಗೂಡಲ್ಲಿ ಜಗಳಕ್ಕೆ ಜಾಗ ಇಲ್ಲ.

ಈಗ ಮೇಷ್ಟ್ರುಗಳು ಬರ್ತಾರೆ. ‘ನಿಮಗೇನ್ರೀ, ರೋಬೋ ಕೆಟ್ಟರೆ ಯಾರು ದುಡ್ಡು ಕೊಡ್ತಾರೆ? ಹುಡುಗರ ಕೈ ಸಿಕ್ಕಿಕೊಂಡರೆ?’ ನ್ಯಾಯವೇ. ಅದಕ್ಕೇ ಅಲ್ವಾ ಗಾರ್ಡು, ಎಮರ್ಜೆನ್ಸಿ ಸ್ಟಾಪು ಅಂತ ಇರೋದು? ಪದವಿ ತಗೊಂಡ ಮಾರನೇ ದಿನ ಅದೇ ಹುಡುಗ ನಮ್ಮ ಮೆಷೀನ್ ಮುಂದೆ ನಿಂತಾಗ ಕೈಗೆ ಆಪತ್ತು ಇರಲ್ವಾ? ‘ಎಲ್ಲ ಸಿಮ್ಯುಲೇಶನ್ನಲ್ಲೇ ಕಲೀಬಹುದು’ ಅಂತ ಇನ್ನೊಂದು ವಾದ. ಸಿಮ್ಯುಲೇಶನ್ನಲ್ಲಿ ಚಿಪ್ ಬಿಸಿಯಾಗಿ ಕಾಲರ್ ಒಳಗೆ ಬೀಳಲ್ಲ ಸ್ವಾಮಿ. ‘ಹೆಂಗಿದ್ರೂ ಎಲ್ಲ ಸಾಫ್ಟ್‌ವೇರಿಗೇ ಹೋಗ್ತಾರೆ’ ಅನ್ನೋರಿಗೆ ನನ್ನ ಹತ್ರ ಉತ್ತರ ಇಲ್ಲ, ಕೋಪ ಮಾತ್ರ ಇದೆ. ಮೆಕ್ಯಾನಿಕಲ್ ಸೀಟು ಖಾಲಿ ಬೀಳ್ತಿದೆ ಅಂತ ಬ್ರೋಷರ್ ಮುಖಪುಟಕ್ಕೆ ರೋಬೋ ಬೇಕಾಯಿತು, ಅಷ್ಟೇ.

ನಿಜ ಹೇಳಬೇಕು ಅಂದ್ರೆ ಆ ರೋಬೋ ನೋಡಿ ಹೊಟ್ಟೆ ಉರೀತು. ಅಷ್ಟು ದುಡ್ಡಿಗೆ ನಾನು ಬ್ಯಾಂಕ್ ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆಸಿದೀನಿ. ಇಲ್ಲಿ ಅದು ವರ್ಷಪೂರ್ತಿ ಡಬ್ಬಿ ಕಾಯ್ತಾ ಕೂತಿದೆ.

ಕಾರ್ಖಾನೆಯ ಮೆಷೀನುಗಳನ್ನ ಸೆನ್ಸರ್, ಇಂಟರ್‌ನೆಟ್ಟಿಗೆ ಜೋಡಿಸೋದಕ್ಕೆ ‘ಇಂಡಸ್ಟ್ರಿ 4.0’ ಅಂತ 2011ರಲ್ಲಿ ಹ್ಯಾನೋವರ್ ಮೇಳದಲ್ಲಿ ಹೆಸರು ತೇಲಿಬಿಟ್ಟ ಜರ್ಮನಿಯಲ್ಲಿ ಅಪ್ರೆಂಟಿಸ್ ಹುಡುಗರು ವಾರದ ಹೆಚ್ಚು ದಿನ ಕಾರ್ಖಾನೆಯಲ್ಲೇ ಇರ್ತಾರೆ. ನಾವು ಹೆಸರು ಮಾತ್ರ ಆಮದು ಮಾಡ್ಕೊಂಡ್ವಿ. ದೂರ ಯಾಕೆ, 1972ರಲ್ಲಿ ಡೆನ್ಮಾರ್ಕ್ ನೆರವಲ್ಲಿ ಶುರುವಾದ ನಮ್ಮದೇ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯ ಹುಡುಗರು ಬಂದರೆ ಮೊದಲ ದಿನವೇ ಅಳತೆಯ ಡಯಲ್ ಹಿಡಿದು ಮೆಷೀನಿಗೆ ಜಾಬ್ ಸೆಟ್ ಮಾಡ್ತಾರೆ. ತುಮಕೂರು ರಸ್ತೆಯಲ್ಲೇ 1962ರಿಂದ ಮೆಷೀನುಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಇದೆ. ಮಾದಾವರಕ್ಕೆ ಈಗ ಮೆಟ್ರೋನೂ ಇದೆ, ಮೆಷೀನುಗಳ ಮೇಳ ಇಮ್‌ಟೆಕ್ಸ್ ನಡೆದಾಗ ಕಾಲೇಜುಗಳು ಹುಡುಗರನ್ನ ಅಲ್ಲಿನ ಪ್ರದರ್ಶನ ಕೇಂದ್ರ ಬಿಐಇಸಿಗೆ ಕರ್ಕೊಂಡು ಬರ್ತಾವೆ ಕೂಡ. ಬಂದವರು ಸ್ಟಾಲಿಂದ ಸ್ಟಾಲಿಗೆ ಪೆನ್ನು, ಚೀಲ ಒಟ್ಟು ಮಾಡ್ಕೊಂಡು ಮೂರು ಗಂಟೆಗೆ ಬಸ್ಸು ಹತ್ತುತ್ತಾರೆ.

ಪ್ರಿನ್ಸಿಪಾಲರು ಯಾರಾದರೂ ಇದನ್ನ ಓದ್ತಿದ್ದರೆ: ಶನಿವಾರ ಮಧ್ಯಾಹ್ನ ನಮ್ಮ ಶೆಡ್ಡಿನ ಬಾಗಿಲು ತೆಗೆದಿರುತ್ತೆ. ಒಂದ್ಸಲಕ್ಕೆ ನಾಲ್ಕೇ ಜನ, ಕಾಲಿಗೆ ಶೂ ಇರಲಿ, ತೋಳು ಮಡಚಿರಲಿ. ಟೂಲ್ ಮುರಿದರೆ ಲೆಕ್ಕ ನನಗಿರಲಿ. ‘ಇಂಡಸ್ಟ್ರಿಯಲ್ ವಿಸಿಟ್’ ಬ್ಯಾನರ್ ಮಾತ್ರ ತರಬೇಡಿ, ಕಟ್ಟೋಕೆ ಜಾಗ ಇಲ್ಲ.