ಮೋಟರ್ ಬಿಚ್ಚುವ ಮೊದಲೇ ಹೇಳಿದ ಕಾರಣ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್‌ಗಳೇ ಜಾಸ್ತಿ. ಎದುರಿಗೆ ಟೀ ಅಂಗಡಿ. ದೇವನಹಳ್ಳಿಯಿಂದ ಎದ್ದ ವಿಮಾನ ಈ ಕಡೆ ಬಂದರೆ ಮೊದಲೆಲ್ಲ ಯಾರೂ ಕತ್ತೆತ್ತುತ್ತಿರಲಿಲ್ಲ. ಅಹಮದಾಬಾದ್‌ನಲ್ಲಿ ವಿಮಾನ ಬಿದ್ದಾಗಿಂದ ಎಲ್ಲರೂ ನೋಡುತ್ತಾರೆ. ನೋಡಿದ ಮೇಲೆ ಅದೇ ಮಾತು ಶುರು.

2025ರ ಜೂನ್ 12ಕ್ಕೆ ಅಹಮದಾಬಾದ್‌ನಿಂದ ಲಂಡನ್‌ಗೆ ಎದ್ದ ಏರ್ ಇಂಡಿಯಾ ವಿಮಾನ ಬಿತ್ತು. 13ಕ್ಕೆ ನಮ್ಮ ಬೆಂಚಿನ ಮೇಲೆ ತನಿಖೆ ಮುಗಿದಿತ್ತು! ಮೊದಲು ಹಕ್ಕಿ ಅಂದರು. ಆಮೇಲೆ ಕಲಬೆರಕೆ ಇಂಧನ ಅಂದರು. ಆಮೇಲೆ ರೆಕ್ಕೆಯ ಫ್ಲಾಪ್, ಅಂದರೆ ಏಳುವಾಗ ಹೆಚ್ಚು ಎತ್ತುವ ಬಲ ಸಿಗಲಿ ಅಂತ ಇಳಿಸುವ ರೆಕ್ಕೆಯ ಪಟ್ಟಿ, ಹಾಕೋದು ಮರೆತಿದ್ದಾರೆ ಅಂತ. ಫ್ಲಾಪ್ ಮಾತು ಸುಮ್ನೆ ಹುಟ್ಟಿದ್ದಲ್ಲ. 2008ರಲ್ಲಿ ಮ್ಯಾಡ್ರಿಡ್‌ನಲ್ಲಿ ಫ್ಲಾಪ್ ಹಾಕದೆ ಎದ್ದ ವಿಮಾನ ಬಿದ್ದು 154 ಜನ ಸತ್ತಿದ್ದರು. ನಾನೂ ಅದನ್ನೇ ನಂಬಿ ಜೋರಾಗಿ ವಾದ ಮಾಡಿದ್ದೆ.

ಜುಲೈ 12ಕ್ಕೆ ಎಎಐಬಿಯ, ಅಂದರೆ ವಿಮಾನ ಅಪಘಾತಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆಯ, ಪ್ರಾಥಮಿಕ ವರದಿ ಬಂತು. 15 ಪುಟ. ಅರ್ಥವಾಗದ ಪದ ಹುಡುಕಿಕೊಂಡು ರಾತ್ರಿ ಫೋನಿನಲ್ಲೇ ಪೂರ್ತಿ ಓದಿದೆ. ಫ್ಲಾಪ್ ಹಿಡಿ 5 ಡಿಗ್ರಿಯಲ್ಲಿತ್ತು, ಟೇಕಾಫ್‌ಗೆ ಅದೇ ಸರಿ. ಹೇಳಿಕೊಳ್ಳುವಂಥ ಹಕ್ಕಿ ಓಡಾಟ ಇರಲಿಲ್ಲ. ತುಂಬಿಸಿದ ಇಂಧನದ ಸ್ಯಾಂಪಲ್ ಚೆನ್ನಾಗಿತ್ತು. ಬೆಂಚಿನ ಮೂರು ತೀರ್ಪೂ ಬಿದ್ದುಹೋದವು.

ವರದಿಯಲ್ಲಿರುವುದು ಬೇರೆ ಕಥೆ. ಮಧ್ಯಾಹ್ನ 1:38:39ಕ್ಕೆ ಚಕ್ರ ನೆಲ ಬಿಟ್ಟಿದೆ. ಸುಮಾರು ಮೂರು ಸೆಕೆಂಡ್ ಆದ ಮೇಲೆ, ಎಂಜಿನ್‌ಗಳಿಗೆ ಇಂಧನ ಬಿಡುವ ಎರಡೂ ಸ್ವಿಚ್ ಒಂದರ ಹಿಂದೆ ಒಂದು ರನ್‌ನಿಂದ (ಇಂಧನ ಹೋಗುವ ಸ್ಥಾನ) ಕಟ್‌ಆಫ್‌ಗೆ (ಇಂಧನ ನಿಲ್ಲುವ ಸ್ಥಾನ) ಹೋಗಿವೆ. ನಡುವೆ ಒಂದೇ ಸೆಕೆಂಡ್. ಸುಮಾರು ಹತ್ತು ಸೆಕೆಂಡ್ ಬಿಟ್ಟು ಮೊದಲನೆಯದು, ಇನ್ನೂ ನಾಲ್ಕು ಸೆಕೆಂಡ್ ಬಿಟ್ಟು ಎರಡನೆಯದು ವಾಪಸ್ ರನ್‌ಗೆ ಬಂದಿವೆ. ಒಂದು ಎಂಜಿನ್ ಚೇತರಿಸಿಕೊಳ್ಳುತ್ತಲೂ ಇತ್ತು. ಆದರೆ ಎತ್ತರವೇ ಇರಲಿಲ್ಲ. 1:39:11ಕ್ಕೆ ಬ್ಲ್ಯಾಕ್ ಬಾಕ್ಸ್ ರೆಕಾರ್ಡಿಂಗ್ ನಿಂತಿದೆ. ನೆಲ ಬಿಟ್ಟು 32 ಸೆಕೆಂಡ್. ತೋಟದಲ್ಲಿ ಸ್ಟಾರ್ಟರ್ ಟ್ರಿಪ್ ಆದರೆ ಎದ್ದು ಹೋಗಿ ಬಟನ್ ಒತ್ತೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರು. ಊಟದ ಹೊತ್ತಲ್ಲಿ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿದ್ದರಿಂದ ಕೆಳಗೂ 19 ಜನ ಹೋದರು.

ಯಾಕೆ ಆಫ್ ಮಾಡಿದೆ ಅಂತ ಒಬ್ಬ ಪೈಲಟ್ ಕೇಳಿದ್ದಾರೆ. ನಾನು ಮಾಡಿಲ್ಲ ಅಂತ ಇನ್ನೊಬ್ಬರು ಹೇಳಿದ್ದಾರೆ. ಕೇಳಿದ್ದು ಯಾರು, ಹೇಳಿದ್ದು ಯಾರು ಅಂತ ವರದಿಯಲ್ಲಿಲ್ಲ. ಅಲ್ಲಿರುವುದು ಸ್ವಿಚ್ ಕಟ್‌ಆಫ್‌ಗೆ ‘ಹೋಯಿತು’ ಅಂತ. ಟೀ ಅಂಗಡಿಗೆ ಬರುವಷ್ಟರಲ್ಲಿ ಅದು ‘ಹಾಕಿದ’ ಆಯಿತು. ಸಂಜೆ ಟಿವಿಯಲ್ಲಿ ‘ಬೇಕಂತಲೇ ಹಾಕಿದ’ ಆಯಿತು. ಆ ಇಬ್ಬರ ಮನೆಯಲ್ಲೂ ಟಿವಿ ಇರುತ್ತದೆ ಅಲ್ವಾ?

ನನಗೆ ಇದು ಚುಚ್ಚೋಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಗುಡಿಬಂಡೆ ಕಡೆಯಿಂದ ಒಬ್ಬ ರೈತರು ಸುಟ್ಟ ಮೋಟರ್ ತಂದರು. ಜೊತೆಯಲ್ಲಿ ಹದಿನೇಳು ವರ್ಷದ ಮಗ. ಹಿಂದಿನ ರಾತ್ರಿ ಮೋಟರ್ ಆನ್ ಮಾಡಿದ್ದು ಅವನೇ. ವಾಸನೆ ನೋಡಿದೆ, ವೈರ್ ನೋಡಿದೆ. ‘ಒಂದು ಫೇಸ್ ಇಲ್ಲದೇ ಇದ್ದಾಗ ಓಡಿಸಿದ್ದಾನೆ ಅಣ್ಣಾ’ ಅಂದುಬಿಟ್ಟೆ. ಅವರು ಅಲ್ಲೇ, ನನ್ನ ಮುಂದೆಯೇ, ಹುಡುಗನ ಕೆನ್ನೆಗೆ ಬಾರಿಸಿದರು. ಅವನು ‘ಮೂರು ಫೇಸಿನ ಲೈಟೂ ಉರೀತಿತ್ತು’ ಅಂತ ಒಂದೇ ಸಲ ಹೇಳಿದ. ಆಮೇಲೆ ಬಾಯಿ ಬಿಡಲಿಲ್ಲ.

ಸಂಜೆ ಬಿಚ್ಚಿದೆ. ಇಂಥ ಮೋಟರ್ ಒಂದು ಫೇಸ್ ಹೋಗಿ ಸುಟ್ಟಿದ್ದರೆ ಎರಡು ಫೇಸಿನ ಸುರುಳಿ ಕರಕಲಾಗಿ, ಮೂರನೆಯದು ಹೊಸದರ ಹಾಗೆ ಇರುತ್ತದೆ. ಇಲ್ಲಿ ಮೂರೂ ಒಂದೇ ಸಮ ಕಪ್ಪು. ಪಂಪ್ ಕಡೆ ಕೈ ಹಾಕಿದರೆ ಒಳಗೆ ಮರಳು ಕಚ್ಚಿಕೊಂಡು ಬಿಗಿದಿತ್ತು. ಲೋಡ್ ತಾಳದೆ ಸುಟ್ಟಿದೆ. ಹುಡುಗ ಹೇಳಿದ್ದು ನಿಜ. ಫೋನ್ ಮಾಡಿ ಅವರಿಗೆ ಹೇಳಿದೆ. ‘ಸರಿ ಬಿಡಿ’ ಅಂದರು. ಮೋಟರ್ ತಗೊಂಡು ಹೋಗೋಕೆ ಹುಡುಗ ಬರಲಿಲ್ಲ.

ಬದುಕಿದ್ದ ಹುಡುಗನಿಗೆ ಒಂದು ಸಲ ಹೇಳೋಕಾದರೂ ಆಯಿತು. ಸತ್ತ ಪೈಲಟ್‌ಗಳಿಗೆ ಅದೂ ಇಲ್ಲ.

ಹಾಗಂತ ಪೈಲಟ್ ಮಾಡಿರೋಕೇ ಸಾಧ್ಯವಿಲ್ಲ ಅಂತ ನಾನು ಹೇಳಿದರೆ ಅದೂ ಬಿಚ್ಚದೆ ಕೊಟ್ಟ ತೀರ್ಪೇ. ಆ ಸ್ವಿಚ್ ಮನೆಯ ಲೈಟ್ ಸ್ವಿಚ್ ತರ ಅಲ್ಲ. ಮೇಲಕ್ಕೆ ಎತ್ತಿ, ಆಮೇಲೆ ಸರಿಸಬೇಕು. ಕೈ ತಗುಲಿ ಆಫ್ ಆಗದಿರಲಿ ಅಂತಲೇ ಹಾಗೆ ಮಾಡಿದ್ದಾರೆ. 1987ರಲ್ಲಿ ಲಾಸ್ ಏಂಜಲೀಸ್‌ನಿಂದ ಎದ್ದ ಬೋಯಿಂಗ್ 767ರಲ್ಲಿ ಪೈಲಟ್ ತಪ್ಪಿ ಎರಡೂ ಎಂಜಿನ್ ಆಫ್ ಮಾಡಿದ್ದು ಉಂಟು. ಕೆಳಗೆ ಸಮುದ್ರ, ಒಂದಿಷ್ಟು ಎತ್ತರ ಕೈಯಲ್ಲಿತ್ತು. ಮತ್ತೆ ಹತ್ತಿಸಿಕೊಂಡು ಬದುಕಿದರು. ಇನ್ನೊಂದು ಕಡೆ, ಇಂಥ ಸ್ವಿಚ್‌ಗಳ ಲಾಕ್ ಸರಿಯಾಗಿ ಕೂರದೆ ಇರಬಹುದು, ನೋಡಿಕೊಳ್ಳಿ ಅಂತ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2018ರಲ್ಲೇ ಸೂಚನೆ ಕೊಟ್ಟಿತ್ತು. ಕಡ್ಡಾಯ ಮಾಡಲಿಲ್ಲ. ಕಡ್ಡಾಯ ಅಲ್ಲ ಅಂತ ಏರ್ ಇಂಡಿಯಾ ಆ ತಪಾಸಣೆ ಮಾಡಿಸಲಿಲ್ಲ. ಇದೂ ವರದಿಯಲ್ಲೇ ಇದೆ. ನಮ್ಮ ಬೆಂಚಿನಲ್ಲಿ ಇದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಅಂತಿಮ ವರದಿ ಬಂದಾಗ ನಾನು ಮೊದಲು ಹುಡುಕೋದು ಎರಡು. ಆ ಸ್ವಿಚ್‌ಗಳ ಲಾಕ್ ಬಿಚ್ಚಿ ನೋಡಿದಾಗ ಹೇಗಿತ್ತು? ಕಾಕ್‌ಪಿಟ್‌ನಲ್ಲಿ ಆ ಎರಡು ಮಾತಿನ ಹಿಂದೆ ಮುಂದೆ ಇನ್ನೇನು ಕೇಳಿಸುತ್ತದೆ? ಅಲ್ಲಿವರೆಗೆ ಬೆಂಚಿನಲ್ಲಿ ನನ್ನನ್ನು ಕೇಳಬೇಡಿ. ಟೀ ಮಾತ್ರ ಕುಡಿಯುತ್ತೇನೆ.