ಸತ್ಯಾಂಶ: ಪತಂಜಲಿ 84 ಆಸನ ಹೇಳಿದ್ದಾರೆಯೇ?

‘ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಹೇಳಿರುವ 84 ಆಸನಗಳನ್ನು 48 ದಿನ ಮಾಡಿದರೆ ಕುಂಡಲಿನಿ ಜಾಗೃತವಾಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. (ಕುಂಡಲಿನಿ ಎಂದರೆ ದೇಹದೊಳಗೆ ಸುಪ್ತವಾಗಿದೆ ಎಂದು ಹಠಯೋಗ ಪರಂಪರೆ ಹೇಳುವ ಶಕ್ತಿ.)

ಯೋಗಸೂತ್ರದಲ್ಲಿರುವುದು ಸುಮಾರು 195 ಸೂತ್ರಗಳು. ಆಸನವನ್ನು ವಿವರಿಸುವುದು ಎರಡನೆಯ ಪಾದದ (ಅಧ್ಯಾಯದ) ಮೂರು ಸೂತ್ರಗಳು ಮಾತ್ರ. ಕುಳಿತ ಭಂಗಿ ಸ್ಥಿರವಾಗಿ, ಸುಖವಾಗಿ ಇರಬೇಕು ಎಂಬುದೇ ಅವುಗಳಲ್ಲಿ ಮೊದಲನೆಯದು. ಒಂದು ಆಸನದ ಹೆಸರೂ ಅಲ್ಲಿಲ್ಲ, ಕುಂಡಲಿನಿಯ ಪ್ರಸ್ತಾಪವೂ ಇಲ್ಲ. ಶಿವನು 84 ಆಸನಗಳನ್ನು ಹೇಳಿದನೆಂಬ ಮಾತು ಬರುವುದು ಎಷ್ಟೋ ಶತಮಾನಗಳ ನಂತರದ ‘ಹಠಯೋಗಪ್ರದೀಪಿಕೆ’ ಎಂಬ ಹಠಯೋಗ ಗ್ರಂಥದಲ್ಲಿ. ಅದು ಕೂಡ ವಿವರಿಸುವುದು 15 ಆಸನಗಳನ್ನಷ್ಟೇ. ಎರಡೂ ಗೌರವಕ್ಕೆ ಅರ್ಹವಾದ ಪರಂಪರೆಗಳೇ. ಆದರೆ ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಇಡುವುದು ಸರಿಯಲ್ಲ.

ಇನ್ನು 48 ದಿನದ ಗಡುವು. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಗಟ್ಟಿಯಾಗುತ್ತದೆ ಎಂದು ಮೊದಲ ಪಾದದ 14ನೆಯ ಸೂತ್ರ ಹೇಳುತ್ತದೆ. ದಿನಗಳ ಲೆಕ್ಕ ಕೊಡುವುದಿಲ್ಲ.

ದಿನನಿತ್ಯದ ಬದುಕಿಗೆ ಪತಂಜಲಿ ಏನು ಕೊಟ್ಟರು ಎಂದು ಕೇಳುವವರಿಗೆ ನಾನು ತೋರಿಸುವುದು ಅದೇ ಪಾದದ 33ನೆಯ ಸೂತ್ರವನ್ನು. ಸುಖಿಗಳೊಡನೆ ಸ್ನೇಹ, ದುಃಖಿಗಳ ಬಗ್ಗೆ ಕರುಣೆ, ಪುಣ್ಯವಂತರನ್ನು ಕಂಡು ಸಂತೋಷ, ಕೆಡುಕು ಮಾಡುವವರ ವಿಷಯದಲ್ಲಿ ಉಪೇಕ್ಷೆ: ಇವುಗಳಿಂದ ಚಿತ್ತ ತಿಳಿಯಾಗುತ್ತದೆ. ನನಗಂತೂ ಇದು ಶೀರ್ಷಾಸನಕ್ಕಿಂತ ಕಠಿಣ. ಸಹೋದ್ಯೋಗಿಗೆ ಬಡ್ತಿ ಸಿಕ್ಕ ಸುದ್ದಿ ಕೇಳಿ ಮನಸಾರೆ ಸಂತೋಷಪಡುವುದೂ ಇದೇ ಸಾಧನೆಯ ಭಾಗ. ಅದಕ್ಕೆ ಚಾಪೆ ಬೇಡ, ಶುಲ್ಕ ಬೇಡ, ವಯಸ್ಸಿನ ಮಿತಿಯೂ ಇಲ್ಲ.