ಮಹಾಶಕ್ತಿಗಳೂ ಎರಡು ಸತ್ತ ನೊಣಗಳೂ

ಚಂದ್ರನ ಮೇಲೆ ಪರಮಾಣು ರಿಯಾಕ್ಟರ್ ಇಡುತ್ತಾರಂತೆ. ಸುದ್ದಿಯನ್ನು ನೀವೂ ಓದಿದ್ದೀರಿ. 2025ರ ಆಗಸ್ಟ್‌ನಲ್ಲಿ ನಾಸಾದ ಹಂಗಾಮಿ ಮುಖ್ಯಸ್ಥರ ಆದೇಶವೇ ಹೊರಬಿತ್ತು: ಸಾಮರ್ಥ್ಯ 100 ಕಿಲೋವಾಟ್, ಗಡುವು 2030. ಅಲ್ಲಿ ಸದ್ಯಕ್ಕೆ ಒಂದು ನರಪಿಳ್ಳೆಯೂ ಇಲ್ಲ. ಕರೆಂಟು ಕೊಡಿ ಎಂದು ಅರ್ಜಿ ಹಾಕಿದವರಿಲ್ಲ, ಬಿಲ್ ಕಟ್ಟುವವರಂತೂ ಇಲ್ಲವೇ ಇಲ್ಲ. ಆದರೂ ಅವಸರ. ಯಾಕೆ ಎಂಬುದನ್ನು ಅವರು ಮುಚ್ಚಿಟ್ಟೂ ಇಲ್ಲ. ಚೀನಾ ಮತ್ತು ರಷ್ಯಾ ಸೇರಿ 2030ರ ದಶಕದ ನಡುಭಾಗಕ್ಕೆ ಅಲ್ಲೊಂದು ರಿಯಾಕ್ಟರ್ ಇಡಲು ಹೊರಟಿವೆ. ಮೊದಲು ಹೋದವರು ಸುತ್ತ ಗೆರೆ ಎಳೆದು 'ಇದರೊಳಗೆ ಯಾರೂ ಕಾಲಿಡಕೂಡದು' ಎಂದುಬಿಡಬಹುದು. ಗಾಳಿಯೇ ಇಲ್ಲದ ಜಾಗದಲ್ಲಿ ಒತ್ತುವರಿ ತಕರಾರು ಹೂಡುವ ಈ ದೂರದೃಷ್ಟಿಗೆ ದೊಡ್ಡ ನಮಸ್ಕಾರ.

ಇದನ್ನು ಕಂಡು ನಗುವವರಿಗೆ ಈ ವಂಶದ ಹಿರಿಯರ ಪರಿಚಯವಿಲ್ಲ. ಅವರ ಮುಂದೆ ಈಗಿನವರು ಪರಮ ಸಂಯಮಿಗಳು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ 83.6 ಕಿಲೋ ತೂಕದ ಸ್ಪುಟ್ನಿಕ್ ಹಾರಿಸಿತು. ಮೇಲೆ ಹೋಗಿ ಅದು ಮಾಡಿದ ಘನಕಾರ್ಯವೆಂದರೆ ಬೀಪ್ ಬೀಪ್ ಎಂದದ್ದು. ಅಷ್ಟಕ್ಕೇ ಅಮೆರಿಕದ ನಿದ್ದೆ ಕೆಟ್ಟಿತು. ಡಿಸೆಂಬರ್ 6ರಂದು ಅದು ಟೀವಿ ಕ್ಯಾಮೆರಾಗಳ ಎದುರೇ ತನ್ನ ವ್ಯಾನ್‌ಗಾರ್ಡ್ ರಾಕೆಟ್ ಹಾರಿಸಲು ಹೋಯಿತು. ರಾಕೆಟ್ ತುಸು ಮೇಲೆದ್ದಂತೆ ಮಾಡಿ ಅಲ್ಲೇ ಕುಸಿದು ಬೆಂಕಿಯ ಉಂಡೆಯಾಯಿತು. ಅಮೆರಿಕದ ಪತ್ರಿಕೆಗಳೇ ಅದಕ್ಕೆ 'ಫ್ಲಾಪ್ನಿಕ್' ಎಂದು ನಾಮಕರಣ ಮಾಡಿದವು.

ಮಾನ ಹೋದವರಿಗೆ ಉಪಾಯ ಹೊಳೆಯದಿರುತ್ತದೆಯೇ? ಮರುವರ್ಷ ಅಮೆರಿಕದ ವಾಯುಪಡೆಗೆ ಹೊಳೆಯಿತು: ಚಂದ್ರನ ಮೇಲೊಂದು ಪರಮಾಣು ಬಾಂಬು ಸಿಡಿಸೋಣ. ಬೆಳಕು ಕತ್ತಲೆ ಕೂಡುವ ಅಂಚಿನಲ್ಲೇ ಸಿಡಿಸಿದರೆ ಎದ್ದ ಧೂಳಿನ ಮೇಲೆ ಬಿಸಿಲು ಬಿದ್ದು ಭೂಮಿಯವರಿಗೆಲ್ಲ ಕಾಣುತ್ತದೆ, ಮಾಸ್ಕೋದವರಿಗೂ ಕಾಣುತ್ತದೆ. ಆ ಧೂಳಿನ ಲೆಕ್ಕ ಹಾಕಿಕೊಟ್ಟವರಲ್ಲಿ ಮುಂದೆ ಹೆಸರಾಂತ ಖಗೋಳ ವಿಜ್ಞಾನಿಯಾದ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಕಾರ್ಲ್ ಸೇಗನ್ ಒಬ್ಬರು. ಕಡತದ ಮೇಲೆ ಬರೆದ ಹೆಸರು ಮಾತ್ರ 'ಚಂದ್ರ ಸಂಶೋಧನಾ ಯಾನಗಳ ಕುರಿತು ಅಧ್ಯಯನ'. ಸರ್ಕಾರಿ ಕಡತಕ್ಕೆ ಹೆಸರಿಡುವವರ ಸಾತ್ವಿಕತೆ ಜಗತ್ತಿನಾದ್ಯಂತ ಒಂದೇ. 1959ರಲ್ಲಿ ಯೋಜನೆಯನ್ನು ಕೈಬಿಟ್ಟರು. ವಿಷಯ ಹೊರಗೆ ಬಂದದ್ದು 2000ದಲ್ಲಿ. ಅತ್ತ ರಷ್ಯನ್ನರೂ ಇದೇ ಯೋಚನೆ ಮಾಡಿ, ತಾವೂ ಕೈಬಿಟ್ಟಿದ್ದರು. ಒಂದು ಬಂಡವಾಳಶಾಹಿ, ಇನ್ನೊಂದು ಸಮತಾವಾದಿ, ಉತ್ತರ ದಕ್ಷಿಣ ಎಂದು ನಾವು ಪಾಠ ಓದಿ ಅಂಕ ಗಳಿಸಿದ್ದೇವೆ. ತಲೆಗೆ ಹೊಳೆಯುತ್ತಿದ್ದದ್ದು ಇಬ್ಬರಿಗೂ ಒಂದೇ.

ಇವರ ಕಾಳಗಗಳಲ್ಲೆಲ್ಲ ನನಗೆ ತೀರಾ ಇಷ್ಟವಾದದ್ದು ಕ್ಯೂಬಾದ ಬಿಕ್ಕಟ್ಟಲ್ಲ, ಬರ್ಲಿನ್ ಗೋಡೆಯೂ ಅಲ್ಲ. 1972ರ ಬೇಸಿಗೆಯಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಒಂದು ಕುರ್ಚಿಗಾಗಿ ನಡೆದದ್ದು. ವಿಶ್ವ ಚೆಸ್ ಪಟ್ಟಕ್ಕೆ ಸೋವಿಯತ್ತಿನ ಬೋರಿಸ್ ಸ್ಪಾಸ್ಕಿ, ಅಮೆರಿಕದ ಬಾಬಿ ಫಿಷರ್. ಆಟ ಶುರುವಾಗುವ ಮೊದಲೇ ಫಿಷರ್ ಹಣ ಸಾಲದೆಂದು ಮುನಿಸಿಕೊಂಡು ಮನೆಯಲ್ಲಿ ಕೂತ. ಬ್ರಿಟನ್ನಿನ ಧನಿಕರೊಬ್ಬರು ಬಹುಮಾನದ ಮೊತ್ತವನ್ನು ದುಪ್ಪಟ್ಟು ಮಾಡಿದರು. ವಿಯೆಟ್ನಾಂ ಯುದ್ಧದ ನಡುವೆ ಬಿಡುವು ಮಾಡಿಕೊಂಡು ಅಮೆರಿಕದ ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಫೋನು ಮಾಡಿ, ಹೋಗಿ ಆಡಪ್ಪಾ ಎಂದರು. ಬಂದ. ಬಂದವನಿಗೆ ಕ್ಯಾಮೆರಾಗಳ ಸದ್ದು ಕಿವಿಗೆ ಬಡಿಯಿತು. ಎರಡನೆಯ ಆಟಕ್ಕೆ ಹಾಜರಾಗಲೇ ಇಲ್ಲ. ಅವನಿಗೆಂದು ಅಮೆರಿಕದಿಂದ ಕಪ್ಪು ಚರ್ಮದ ತಿರುಗುಕುರ್ಚಿ ತರಿಸಿದ್ದರು. ಅದನ್ನು ನೋಡಿದ ಸೋವಿಯತ್ ಕಡೆಯವರು, ನಮ್ಮವರಿಗೂ ಅಂಥದ್ದೇ ಬೇಕು ಎಂದರು. ತರಿಸಿಕೊಟ್ಟರು. ಸಮಾನತೆ ಎಂದರೆ ಇದು.

ಸ್ಪಾಸ್ಕಿ ಸೋಲತೊಡಗಿದರು. ಸಮಾಜವಾದ ಸೋಲುವುದು ಸಾಧ್ಯವಿಲ್ಲ ಎಂದ ಮೇಲೆ ಕಾರಣ ಬೇರೆಲ್ಲೋ ಇರಲೇಬೇಕು. ಆಗಸ್ಟ್‌ನಲ್ಲಿ ಅವರ ಸಹಾಯಕ ಗೆಲ್ಲರ್ ಹೇಳಿಕೆ ಹೊರಡಿಸಿದರು: ಎದುರಾಳಿಗಳು ರಾಸಾಯನಿಕ ಮತ್ತು ಎಲೆಕ್ಟ್ರಾನಿಕ್ ಸಾಧನಗಳಿಂದ ನಮ್ಮ ಆಟಗಾರನ ಮನಸ್ಸನ್ನು ಕೆಡಿಸುತ್ತಿದ್ದಾರೆ! ಐಸ್‌ಲ್ಯಾಂಡ್ ಸಣ್ಣ ದೇಶ, ಮರ್ಯಾದಸ್ಥರ ದೇಶ, ತನಿಖೆಗೆ ಒಪ್ಪಿತು. ಸಭಾಂಗಣಕ್ಕೆ ಪೊಲೀಸ್ ಕಾವಲು ಬಿತ್ತು. ವಿಜ್ಞಾನಿಗಳು ಬಂದರು. ಗಾಳಿಯ ಮಾದರಿ ಹಿಡಿದರು. ಕುರ್ಚಿಗಳಿಗೆ ಎಕ್ಸ್‌ರೇ ತೆಗೆದರು. ಕೊನೆಗೆ ಏಣಿ ಹಾಕಿ ದೀಪದ ಗೂಡನ್ನೂ ಬಿಚ್ಚಿ ನೋಡಿದರು. ಸಿಕ್ಕಿದ್ದು ಎರಡು ಸತ್ತ ನೊಣಗಳು.

ಅವು ಯಾವ ಬಣದ ನೊಣಗಳು ಎಂಬುದು ಇತ್ಯರ್ಥವಾಗಲಿಲ್ಲ. ನನ್ನ ಅನುಮಾನವನ್ನು ಹೇಳಿಬಿಡುತ್ತೇನೆ: ಅಲಿಪ್ತ ನೀತಿಯ ನೊಣಗಳಿರಬೇಕು, ಅದಕ್ಕೇ ಸತ್ತವು.

ಫಿಷರ್ ಹನ್ನೆರಡೂವರೆ, ಸ್ಪಾಸ್ಕಿ ಎಂಟೂವರೆ. ಬಂಡವಾಳಶಾಹಿ ಗೆದ್ದಿತು ಎಂದು ಅಮೆರಿಕ ಕುಣಿದಾಡಿತು. ಮುಂದಿನ ಕತೆಯನ್ನೂ ಹೇಳಬೇಕು. ಸಮಾಜವಾದದ ಮಾನ ಹೊತ್ತಿದ್ದ ಸ್ಪಾಸ್ಕಿ ನಾಲ್ಕೇ ವರ್ಷಕ್ಕೆ ಫ್ರಾನ್ಸ್ ಸೇರಿಕೊಂಡರು. ಅಮೆರಿಕದ ಕಣ್ಮಣಿ ಫಿಷರ್ 1992ರಲ್ಲಿ ಅದೇ ಸ್ಪಾಸ್ಕಿಯ ಜೊತೆ, ನಿರ್ಬಂಧ ಮುರಿದು ಯುಗೊಸ್ಲಾವಿಯಾದಲ್ಲಿ ಆಡಿದ್ದಕ್ಕೆ ಅಮೆರಿಕವೇ ಅವನ ಮೇಲೆ ವಾರಂಟ್ ಹೊರಡಿಸಿತು. ಕೊನೆಗೆ ಪೌರತ್ವ ಕೊಟ್ಟು ಇಟ್ಟುಕೊಂಡದ್ದು ಆ ನೊಣಗಳ ದೇಶವೇ. ಅವನು 2008ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಗೂಢಚರ್ಯೆಯ ಕತೆಗಳನ್ನು ಭಯಭಕ್ತಿಯಿಂದ ಓದುವವರಿದ್ದಾರೆ. ಅವರಿಗೆ ಬರ್ಲಿನ್ ಸುರಂಗ ಅರ್ಪಣೆ. 1950ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇರಿ ಪಶ್ಚಿಮ ಬರ್ಲಿನ್ನಿನಿಂದ ಪೂರ್ವಕ್ಕೆ ನೆಲದಡಿಯಲ್ಲಿ ಸುಮಾರು 450 ಮೀಟರ್ ಸುರಂಗ ತೋಡಿ ಸೋವಿಯತ್ ಸೇನೆಯ ಟೆಲಿಫೋನ್ ತಂತಿಗಳಿಗೆ ಕಿವಿಗೊಟ್ಟವು. ಚಳಿಗಾಲ ಬಂದಾಗ ಸುರಂಗದ ಯಂತ್ರಗಳ ಕಾವಿಗೆ ಮೇಲಿನ ಹಿಮ ಕರಗಿ ಗುಟ್ಟು ರಟ್ಟಾದೀತೆಂದು ಒಳಗೆ ಏರ್ ಕಂಡೀಷನರ್ ಹಾಕಿ ನೆಲವನ್ನು ತಂಪಾಗಿಟ್ಟರು. ಎಂಥ ಮುನ್ನೆಚ್ಚರಿಕೆ! ಒಂದು ಸಣ್ಣ ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಸುರಂಗದ ಯೋಜನೆ ತಯಾರಾದ ಲಂಡನ್ನಿನ ಸಭೆಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡ ಬ್ರಿಟಿಷ್ ಅಧಿಕಾರಿ ಜಾರ್ಜ್ ಬ್ಲೇಕ್ ರಷ್ಯಾದ ಗೂಢಚಾರ. ಮೊದಲ ಸಲಿಕೆ ಮಣ್ಣಿಗೆ ಬೀಳುವ ಮುಂಚೆಯೇ ಮಾಸ್ಕೋಗೆ ಎಲ್ಲವೂ ಗೊತ್ತು.

ಅಮೆರಿಕದ ಪೆದ್ದುತನ ಎಂದು ನಗಬೇಡಿ, ತಾಳಿ. ಸುರಂಗವನ್ನು ಕೂಡಲೇ ಹಿಡಿದರೆ ಬ್ಲೇಕ್ ಸಿಕ್ಕಿಬೀಳುತ್ತಾನಲ್ಲ? ಹಾಗಾಗಿ ಸೋವಿಯತ್ ಗೂಢಚರ್ಯೆ ಸಂಸ್ಥೆ ಕೆಜಿಬಿ ತನ್ನದೇ ದೇಶದ ಸೇನೆಗೂ ಹೇಳದೆ ಸುಮ್ಮನಿತ್ತು. ಸೇನಾಧಿಕಾರಿಗಳು ಹನ್ನೊಂದು ತಿಂಗಳು ನಿಜವಾದ ಮಾತನ್ನೇ ಆಡಿದರು, ಅಮೆರಿಕ ನಿಜವಾದ ಮಾತನ್ನೇ ಕೇಳಿಸಿಕೊಂಡಿತು. 4 ಲಕ್ಷಕ್ಕೂ ಹೆಚ್ಚು ಸಂಭಾಷಣೆಗಳು. ಅವನ್ನು ಬರೆದಿಳಿಸುವ ಕೆಲಸ ಸುರಂಗ ಮುಚ್ಚಿದ ಮೇಲೆ 1958ರವರೆಗೂ ನಡೆಯಿತು. 1956ರ ಏಪ್ರಿಲ್‌ನಲ್ಲಿ ರಷ್ಯನ್ನರು 'ಆಕಸ್ಮಿಕವಾಗಿ' ಸುರಂಗವನ್ನು ಪತ್ತೆಹಚ್ಚಿ, ಛೀಮಾರಿ ಹಾಕಲೆಂದು ಪತ್ರಕರ್ತರನ್ನು ಕರೆದು ಒಳಗೆಲ್ಲ ತೋರಿಸಿದರು. ಅಮೆರಿಕದ ಪತ್ರಿಕೆಗಳು ನಾಚುವ ಬದಲು, ಆಹಾ ನಮ್ಮವರ ಚಾಣಾಕ್ಷತೆ ಎಂದು ಕೊಂಡಾಡಿದವು. ಕದ್ದವನಿಗೂ ಸನ್ಮಾನ, ಕಳೆದುಕೊಂಡವನಿಗೂ ಪದಕ. ಇಂಥ ಯುದ್ಧ ನಿಲ್ಲಲಿ ಎಂದು ಇಬ್ಬರಲ್ಲಿ ಯಾರು ತಾನೆ ಹರಕೆ ಹೊತ್ತಾರು?

ಅಡುಗೆಮನೆಯ ಜಗಳ ಎಲ್ಲರಿಗೂ ಗೊತ್ತು. 1959ರ ಜುಲೈ 24, ಮಾಸ್ಕೋದ ಸೊಕೋಲ್ನಿಕಿ ಉದ್ಯಾನ, ಅಮೆರಿಕದ ಪ್ರದರ್ಶನ. ನಿಂಬೆಹಳದಿ ಬಣ್ಣದ ಮಾದರಿ ಅಡುಗೆಮನೆಯ ಕಟಕಟೆ ಹಿಡಿದು ಉಪಾಧ್ಯಕ್ಷ ನಿಕ್ಸನ್ ಬಟ್ಟೆ ಒಗೆಯುವ ಯಂತ್ರದ ಮಹಿಮೆ ಹೊಗಳುತ್ತಾರೆ. ಊಟವನ್ನು ಬಾಯಿಗಿಟ್ಟು ಒಳಗೆ ತಳ್ಳುವ ಯಂತ್ರವೂ ಇದೆಯೇ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಕೇಳುತ್ತಾರೆ. ಜನ ಇದನ್ನೇ ನೆನಪಿಟ್ಟುಕೊಂಡರು. ನಿಜವಾದ ವ್ಯವಹಾರ ನಡೆದದ್ದು ಪಕ್ಕದ ಪೆಪ್ಸಿ ಮಳಿಗೆಯಲ್ಲಿ. ಅಮೆರಿಕದಲ್ಲಿ ತಯಾರಾದದ್ದು ಒಂದು ಲೋಟ, ಮಾಸ್ಕೋದ ನೀರಿನಲ್ಲಿ ತಯಾರಿಸಿದ್ದು ಇನ್ನೊಂದು. ಕ್ರುಶ್ಚೇವ್ ಎರಡನ್ನೂ ಕುಡಿದು ಮಾಸ್ಕೋದ್ದೇ ರುಚಿ ಎಂದು ತೀರ್ಪು ಕೊಟ್ಟರು. ಕ್ರಾಂತಿ ಗೆದ್ದಿತು, ಪೆಪ್ಸಿ ಅದಕ್ಕಿಂತ ಹೆಚ್ಚು ಗೆದ್ದಿತು. 1972ರಲ್ಲಿ ಒಪ್ಪಂದವಾಯಿತು: ಪೆಪ್ಸಿಗೆ ಬದಲಾಗಿ ವೋಡ್ಕಾ, ಯಾಕೆಂದರೆ ರೂಬಲ್ ಹೊರಗೆ ನಡೆಯುತ್ತಿರಲಿಲ್ಲ. 1989ರ ಹೊತ್ತಿಗೆ ವೋಡ್ಕಾವೂ ಸಾಲದೆ 17 ಹಳೆಯ ಜಲಾಂತರ್ಗಾಮಿಗಳನ್ನೂ ಮೂರು ಯುದ್ಧನೌಕೆಗಳನ್ನೂ ಗುಜರಿ ಲೆಕ್ಕದಲ್ಲಿ ಪೆಪ್ಸಿಗೆ ಕೊಡುವ ಮಾತಾಯಿತು. ಅಮೆರಿಕವನ್ನು ಮುಳುಗಿಸಲೆಂದು ಕಟ್ಟಿದ ನೌಕೆಗಳನ್ನು ಅಮೆರಿಕದ ಸಕ್ಕರೆ ನೀರಿಗೆ ತೂಗಿ ಹಾಕಿದರು. ನಾವು ನಿಮಗಿಂತ ಬೇಗ ಸೋವಿಯತ್ತನ್ನು ನಿಶ್ಶಸ್ತ್ರಗೊಳಿಸುತ್ತಿದ್ದೇವೆ ಎಂದು ಪೆಪ್ಸಿಯ ಮುಖ್ಯಸ್ಥರು ಶ್ವೇತಭವನದವರಿಗೆ ಚುಚ್ಚಿದರಂತೆ.

ನಮಗೂ ಇದರಲ್ಲಿ ಪಾಲು ಸಿಕ್ಕಿದೆ. ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುತ್ತಿದ್ದ ಹಳದಿ ಉಪ್ಪಿಟ್ಟು ಮತ್ತು ಕಲಸಿದ ಹಾಲಿನ ಪುಡಿ ಅಮೆರಿಕದ್ದು, ಕೇರ್ ಎಂಬ ಸಂಸ್ಥೆಯ ಮೂಲಕ ಬಂದದ್ದು. ಅದೇ ಮಕ್ಕಳ ಚೀಲದಲ್ಲಿದ್ದ ಪಠ್ಯಪುಸ್ತಕಗಳ ಬೈಂಡು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ. ಗೋಧಿಯ ಕೊಯ್ಲು ಯಂತ್ರದ ಮುಂದೆ ನಿಂತು ನಗುವ ದುಂಡುಮುಖದ ಹೆಂಗಸಿನ ಚಿತ್ರದೊಳಗೆ ನಮ್ಮ ಗಣಿತ ಭದ್ರವಾಗಿರುತ್ತಿತ್ತು. ಹೊಟ್ಟೆಗೆ ವಾಷಿಂಗ್ಟನ್, ಪುಸ್ತಕಕ್ಕೆ ಮಾಸ್ಕೋ. ಅಲಿಪ್ತ ನೀತಿಯನ್ನು ನೆಹರೂ ಬೆಲ್‌ಗ್ರೇಡ್‌ನಲ್ಲಿ ಭಾಷಣ ಮಾಡಿ ವಿವರಿಸುವ ಅಗತ್ಯವೇ ಇರಲಿಲ್ಲ, ಎರಡನೇ ಕ್ಲಾಸಿನ ಹುಡುಗರು ಆಗಲೇ ಆಚರಣೆಗೆ ತಂದಿದ್ದರು. ಪಿಎಲ್-480 ಎಂಬ ಅಮೆರಿಕದ ಆಹಾರ ನೆರವಿನ ಗೋಧಿಯ ಜೊತೆಗೇ ಪಾರ್ಥೇನಿಯಂ ಕಳೆ ಬಂತೆಂದು ನಮ್ಮ ಜನ ಇಂದಿಗೂ ನಂಬುತ್ತಾರೆ. ಆದರೂ ಅದಕ್ಕೆ ಅಮೆರಿಕದ ಹೆಸರಿಡದೆ 'ಕಾಂಗ್ರೆಸ್ ಗಿಡ' ಎಂದು ಕರೆದು ದ್ವೇಷವನ್ನು ಮನೆಯೊಳಗೇ ಇಟ್ಟುಕೊಂಡರು.

ವಿಯೆಟ್ನಾಂ ಯುದ್ಧವನ್ನು ಇಂದಿರಾ ಟೀಕಿಸಿದ್ದಕ್ಕೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ, ಬೇಕೋ ಬೇಡವೋ ಎಂಬಂತೆ ಬಿಡುತ್ತಿದ್ದರು. ಅದು ಬರಗಾಲ. ಆದರೂ ನಾವು ಅದೃಷ್ಟವಂತರು ಎಂದೇ ಹೇಳಬೇಕು, ಉಪ್ಪಿಟ್ಟಿನಲ್ಲೇ ಮುಗಿಯಿತು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಎಂಬ ಗಾದೆಯ ಪೂರ್ತಿ ಅರ್ಥ ಬೇಕಿದ್ದರೆ ಲಾವೋಸ್‌ಗೆ ಹೋಗಬೇಕು. 1962ರಲ್ಲಿ ಜಿನೀವಾದಲ್ಲಿ ಎಲ್ಲರೂ ಸಹಿ ಹಾಕಿ, ಇದು ತಟಸ್ಥ ದೇಶ ಎಂದು ಒಪ್ಪಿದರು. ಒಪ್ಪಿದ ಉತ್ತರ ವಿಯೆಟ್ನಾಂ ಅದರ ಕಾಡಿನೊಳಗೆ ಸೈನ್ಯ, ಮದ್ದುಗುಂಡು ಸಾಗಿಸುತ್ತಲೇ ಇತ್ತು. ಒಪ್ಪಿದ ಅಮೆರಿಕ 1964ರಿಂದ 1973ರವರೆಗೆ 20 ಲಕ್ಷ ಟನ್ನಿಗೂ ಮೀರಿ ಬಾಂಬು ಸುರಿಯಿತು. ಒಂಬತ್ತು ವರ್ಷ, ಹಗಲೂ ರಾತ್ರಿ, ಸರಾಸರಿ ಎಂಟು ನಿಮಿಷಕ್ಕೊಂದು ವಿಮಾನದ ಹೊರೆ. ಗೊಂಚಲು ಬಾಂಬಿನ ಉಂಡೆಗಳು 27 ಕೋಟಿಗೂ ಹೆಚ್ಚು. ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಗದ್ದೆಯಲ್ಲಿ ಚೆಂಡೆಂದು ಅವನ್ನು ಎತ್ತಿಕೊಂಡು ಸತ್ತಿದ್ದಾರೆ. ಬಾನ್ ನಾಫಿಯಾ ಎಂಬ ಹಳ್ಳಿಯವರು ಆ ಬಾಂಬು, ವಿಮಾನಗಳ ಅಲ್ಯೂಮಿನಿಯಂ ಕರಗಿಸಿ, ಬೂದಿ ತುಂಬಿದ ಮರದ ಅಚ್ಚಿಗೆ ಹೊಯ್ದು ಚಮಚ ಮಾಡಿ ಮಾರುತ್ತಾರೆ. ಅತ್ತ ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಚಿಟ್ಟೆಯಾಕಾರದ ಪುಟ್ಟ ನೆಲಬಾಂಬುಗಳನ್ನು ಆಕಾಶದಿಂದ ಉದುರಿಸಿತು. ಆಟಿಕೆ ಎಂದು ಎತ್ತಿಕೊಂಡ ಮಕ್ಕಳ ಕೈ ಹೋಯಿತು.

ಈ ಲೆಕ್ಕವನ್ನು ಯಾರ ಮುಂದೆ ಇಡುವುದು? ಬಂಡವಾಳಶಾಹಿ ತತ್ವದ ಬಾಂಬಿಗೆ ಸತ್ತ ಮಗುವಿಗೂ ಸಮಾಜವಾದಿ ಬಾಂಬಿಗೆ ಸತ್ತ ಮಗುವಿಗೂ ಏನು ವ್ಯತ್ಯಾಸ ಎಂದು ಇಬ್ಬರಲ್ಲಿ ಒಬ್ಬರೂ ಒಂದು ಪುಟ ಬರೆದುಕೊಟ್ಟಿಲ್ಲ. ಅಮೆರಿಕದ ಅಧ್ಯಕ್ಷರೊಬ್ಬರು ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಕಾಲಿಡಲು 2016 ಬರಬೇಕಾಯಿತು. ಬಾಂಬು ಹೆಕ್ಕಲು ಒಬಾಮ ಘೋಷಿಸಿದ್ದು ಮೂರು ವರ್ಷಕ್ಕೆ 9 ಕೋಟಿ ಡಾಲರ್. ಸಾಕಾಗಿಹೋಗಿದೆ, ಇವರ ಸಿದ್ಧಾಂತಗಳನ್ನು ಓದಿ.

ಸಿದ್ಧಾಂತ ಎಂದೆನಲ್ಲವೇ, ಅದರ ಈಗಿನ ಕ್ಷೇಮ ಸಮಾಚಾರವನ್ನೂ ಹೇಳಿಬಿಡಬೇಕು. ಕಾರ್ಮಿಕ ವರ್ಗದ ಮುಂದಾಳು ಎಂದು ಕರೆದುಕೊಳ್ಳುವ ಚೀನಾದ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿ ಶಾಂಘೈ ಷೇರುಪೇಟೆ 1990ರಲ್ಲೇ ಬಾಗಿಲು ತೆರೆಯಿತು. ಮುಂದೆ ಉದ್ಯಮಿಗಳನ್ನೇ ಪಕ್ಷದೊಳಗೆ ಕರೆದು ಕೂರಿಸಿದರು. ಮುಕ್ತ ಮಾರುಕಟ್ಟೆಯ ಮಹಾಮಠವಾದ ಅಮೆರಿಕದ ಸರ್ಕಾರ 2025ರಲ್ಲಿ ಇಂಟೆಲ್ ಕಂಪನಿಯ ಸುಮಾರು ಶೇಕಡಾ 10ರಷ್ಟು ಪಾಲನ್ನು ತಾನೇ ಇಟ್ಟುಕೊಂಡಿತು. ಚೀನಾ 2009ರಲ್ಲಿ ಫೇಸ್‌ಬುಕ್ಕನ್ನು ತಡೆದಾಗ, ವಾಕ್ ಸ್ವಾತಂತ್ರ್ಯದ ಕೊಲೆ ಎಂದವರು 2024ರಲ್ಲಿ, ಚೀನಾ ಮೂಲದ ಟಿಕ್‌ಟಾಕನ್ನು ಮಾರುತ್ತೀರೋ ಮುಚ್ಚುತ್ತೀರೋ ಎಂದು ಕಾನೂನನ್ನೇ ತಂದರು. ಇನ್ನು ಪರೀಕ್ಷೆಯಲ್ಲಿ 'ಇವರಿಬ್ಬರಲ್ಲಿ ಬಂಡವಾಳಶಾಹಿ ಯಾರು?' ಎಂದು ಒಂದು ಅಂಕದ ಪ್ರಶ್ನೆ ಬಂದರೆ, ಯಾವ ಉತ್ತರ ಬರೆದ ಹುಡುಗನಿಗೂ ಮೇಷ್ಟರು ಅಂಕ ಕೊಡಲೇಬೇಕಾಗುತ್ತದೆ.